ಬಣ್ಣದ ಡಬ್ಬಿಯ ಲೆಕ್ಕ: ಎಷ್ಟು ಲೀಟರ್, ಎಲ್ಲಿ, ಹೇಗೆ?



ಈದ್, ದಸರಾ, ದೀಪಾವಳಿ ಹತ್ತಿರ ಬಂದರೆ ನಮ್ಮ ಜಿಲ್ಲೆಯ ಊರುಗಳಲ್ಲಿ ಬಣ್ಣದ ಕೆಲಸ ಜೋರಾಗುತ್ತದೆ. ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಬಣ್ಣ ಬೇಕು, ಕೊಪ್ಪಳದ ವೆಲ್ಡಿಂಗ್ ಶಾಪಿನ ಗೇಟುಗಳಿಗೆ ರೆಡ್ ಆಕ್ಸೈಡ್ ಬೇಕು, ಕುಷ್ಟಗಿಯ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಲಾರಿ ಬಾಡಿಗೆ ಸ್ಪ್ರೇ ಬೇಕು, ಯಲಬುರ್ಗಾದ ಬಡಗಿಗಳ ಬಾಗಿಲು ಕಿಟಕಿಗೆ ಪಾಲಿಶ್ ಬೇಕು. ನಮ್ಮಲ್ಲಿ ಹಲವರ ಮನೆಯಲ್ಲಿ ಈ ಕೆಲಸ ಮಾಡುವವರಿದ್ದಾರೆ. ನಮ್ಮ ಮಾಮು ಕೂಡ ಬಣ್ಣದ ಗುತ್ತಿಗೆದಾರರು. ಅವರ ಶೆಡ್ಡಿನ ಸ್ಟಾಕ್ ರಿಜಿಸ್ಟರನ್ನು ಈ ವರ್ಷ ನಾನು ಬರೆಯುತ್ತಿದ್ದೇನೆ. ಹಾಗೆ ಬರೆಯುತ್ತಾ ಕಲಿತದ್ದನ್ನು ಪಾಠದ ರೂಪದಲ್ಲಿ ಇಲ್ಲಿ ಕೊಡುತ್ತಿದ್ದೇನೆ.

ಬೆಂಕಿಯ ವಿಷಯ ವಿಜ್ಞಾನ ವಿಭಾಗದವರಿಗೆ ಸೇರಿದ್ದು, ವಾಣಿಜ್ಯ ವಿಭಾಗದವನಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಬಣ್ಣದ ದಾಸ್ತಾನಿನಲ್ಲಿ ಕಾನೂನು ಮೊದಲು ಕೇಳುವ ಪ್ರಶ್ನೆ "ಎಷ್ಟು ಲೀಟರ್ ಇದೆ?" ಎಂಬುದು. ವಿಮಾ ಕಂಪನಿ ಕೇಳುವುದೂ ಅದನ್ನೇ. ಅಗ್ನಿಶಾಮಕ ದಳದವರು ಬಂದರೂ ಅದನ್ನೇ ಕೇಳುತ್ತಾರೆ. ಲೆಕ್ಕ ಇಲ್ಲದ ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಆದ್ದರಿಂದ ಬಣ್ಣ ಇಡುವ ಜಾಗದ ಮೊದಲ ಸುರಕ್ಷತಾ ಸಾಧನ ಒಂದು ಪೆನ್ನು ಮತ್ತು ಒಂದು ರಿಜಿಸ್ಟರ್.

೧. ಉರಿಯುವುದು ಬಣ್ಣವಲ್ಲ, ಅದರ ಆವಿ

ಡಬ್ಬಿಯೊಳಗಿನ ದ್ರವಕ್ಕೆ ನೇರವಾಗಿ ಬೆಂಕಿ ಹತ್ತುವುದಿಲ್ಲ. ದ್ರವದ ಮೇಲ್ಮೈಯಿಂದ ಏಳುವ ಆವಿ ಗಾಳಿಯೊಂದಿಗೆ ಬೆರೆತಾಗ ಆ ಮಿಶ್ರಣಕ್ಕೆ ಬೆಂಕಿ ಹತ್ತುತ್ತದೆ. ಒಂದು ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಯಾವ ಕನಿಷ್ಠ ತಾಪದಲ್ಲಿ ಏಳುತ್ತದೆಯೋ ಆ ತಾಪಕ್ಕೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಇದು ಕಡಿಮೆ ಇದ್ದಷ್ಟೂ ಅಪಾಯ ಹೆಚ್ಚು.

ನಮ್ಮ ಊರಿನ ಶೆಡ್ಡುಗಳಲ್ಲಿ ಸಿಗುವ ಕೆಲವು ದ್ರವಗಳ ಫ್ಲ್ಯಾಶ್ ಪಾಯಿಂಟ್ ಅಂದಾಜು ಹೀಗಿದೆ:

ಅಸಿಟೋನ್: ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ 20 ಡಿಗ್ರಿ ಸೆಲ್ಸಿಯಸ್.
ಟೊಲ್ಯೂಯಿನ್ (ಎನ್‌ಸಿ ತಿನ್ನರಿನಲ್ಲಿ ಸಾಮಾನ್ಯವಾಗಿ ಇರುವಂಥದ್ದು): ಸುಮಾರು 4 ಡಿಗ್ರಿ.
ಜೈಲೀನ್: ಸುಮಾರು 27 ಡಿಗ್ರಿ.
ಮಿನರಲ್ ಟರ್ಪಂಟೈನ್, ಅಂದರೆ ಅಂಗಡಿಯಲ್ಲಿ ಎಂಟಿಒ ಎಂದು ಕೇಳುವಂಥದ್ದು: ಸುಮಾರು 38ರಿಂದ 40 ಡಿಗ್ರಿ.

ಗೋಡೆಗೆ ಹಚ್ಚುವ ಎಮಲ್ಶನ್ ನೀರಿನಲ್ಲಿ ಕಲೆಸಿದ ಬಣ್ಣ. ಅದು ಈ ಪಟ್ಟಿಗೆ ಬರುವುದಿಲ್ಲ.

ಆವಿಯ ಬಗ್ಗೆ ಇನ್ನೆರಡು ಸಂಗತಿ ತಿಳಿದಿರಬೇಕು. ಒಂದು, ಅದು ಗಾಳಿಗಿಂತ ಭಾರ. ಟೊಲ್ಯೂಯಿನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರವಾದ್ದರಿಂದ ಮೇಲಕ್ಕೆ ಹೋಗದೆ ನೆಲ ಹಿಡಿದು ಹರಿಯುತ್ತದೆ. ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೆ ಹೋಗಿ ಅಲ್ಲಿ ಒಲೆ ಉರಿಯುತ್ತಿದ್ದರೆ ಹೊತ್ತಿಕೊಂಡು, ಬಂದ ದಾರಿಯಲ್ಲೇ ಜ್ವಾಲೆಯಾಗಿ ಹಿಂದಿರುಗಬಲ್ಲದು. ಎರಡು, ಸ್ವಲ್ಪ ಆವಿಯೇ ಸಾಕು. ಗಾಳಿಯಲ್ಲಿ ಟೊಲ್ಯೂಯಿನ್ ಆವಿ ಶೇಕಡಾ 1.1ರಿಂದ 1.2ರಷ್ಟು ಬೆರೆತರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ವಿಜ್ಞಾನ ವಿಭಾಗದ ಗೆಳೆಯನೊಬ್ಬ ಇದರ ಲೆಕ್ಕ ಮಾಡಿಕೊಟ್ಟ. ಒಂದು ಲೀಟರ್ ಟೊಲ್ಯೂಯಿನ್ ಪೂರ್ತಿ ಆವಿಯಾದರೆ ಸುಮಾರು 230 ಲೀಟರ್ ಆವಿಯಾಗುತ್ತದೆ. ಅಷ್ಟು ಆವಿ ಸುಮಾರು 20 ಘನ ಮೀಟರ್ ಗಾಳಿಯನ್ನು ಅಪಾಯಕಾರಿ ಮಾಡಬಲ್ಲದು. 20 ಘನ ಮೀಟರ್ ಎಂದರೆ 10 ಅಡಿ ಉದ್ದ, 8 ಅಡಿ ಅಗಲ, 9 ಅಡಿ ಎತ್ತರದ ಒಂದು ಪೂರ್ತಿ ಕೋಣೆ. ಮುಚ್ಚಳ ಸಡಿಲವಾದ ಒಂದು ಲೀಟರ್ ತಿನ್ನರಿನ ಬೆಲೆ ಇಷ್ಟು.

೨. ಕಾನೂನು ಏನು ಹೇಳುತ್ತದೆ?

ಇದಕ್ಕೆ ಮುಖ್ಯ ಕಾನೂನು 1934ರ ಪೆಟ್ರೋಲಿಯಂ ಕಾಯ್ದೆ ಮತ್ತು ಅದರ ಕೆಳಗಿನ 2002ರ ಪೆಟ್ರೋಲಿಯಂ ನಿಯಮಗಳು. ಪೆಟ್ರೋಲಿಯಂ ಎಂದರೆ ಪೆಟ್ರೋಲ್ ಬಂಕಿನ ಕಾನೂನು ಎಂದುಕೊಳ್ಳಬೇಡಿ. ಹೈಡ್ರೋಕಾರ್ಬನ್ ದ್ರವ ಬೆರೆತಿರುವ, ಬೆಂಕಿ ಹತ್ತುವ ಯಾವುದೇ ಮಿಶ್ರಣವನ್ನೂ ಕಾಯ್ದೆ ಪೆಟ್ರೋಲಿಯಂ ಎಂದೇ ಕರೆಯುತ್ತದೆ. ಆ ಮಿಶ್ರಣ ನೀರಿನಂತೆ ತೆಳ್ಳಗಿರಲಿ, ಅಂಟಿನಂತೆ ಗಟ್ಟಿಯಾಗಿರಲಿ, ವ್ಯತ್ಯಾಸವಿಲ್ಲ. ಟೊಲ್ಯೂಯಿನ್, ಜೈಲೀನ್, ಎಂಟಿಒ ಹೈಡ್ರೋಕಾರ್ಬನ್‌ಗಳೇ. ಆದ್ದರಿಂದ ಅವು ಬೆರೆತ ತಿನ್ನರ್, ಎನಾಮಲ್, ಸೀಲರ್ ಈ ವ್ಯಾಖ್ಯೆಯೊಳಗೆ ಬರುತ್ತವೆ.

ಕಾಯ್ದೆ ಇವನ್ನು ಫ್ಲ್ಯಾಶ್ ಪಾಯಿಂಟ್ ನೋಡಿ ಮೂರು ವರ್ಗ ಮಾಡಿದೆ:

ಎ ವರ್ಗ: 23 ಡಿಗ್ರಿಗಿಂತ ಕಡಿಮೆ.
ಬಿ ವರ್ಗ: 23 ಡಿಗ್ರಿ ಮತ್ತು ಮೇಲೆ, 65ಕ್ಕಿಂತ ಕಡಿಮೆ.
ಸಿ ವರ್ಗ: 65 ಡಿಗ್ರಿ ಮತ್ತು ಮೇಲೆ, 93ಕ್ಕಿಂತ ಕಡಿಮೆ.

ಇನ್ನು ಪರವಾನಗಿ ಇಲ್ಲದೆ ಎಷ್ಟು ಇಡಬಹುದು ಎಂಬ ಲೆಕ್ಕ.

ಬಿ ವರ್ಗ: ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಮೀರಬಾರದು, ಯಾವ ಒಂದು ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಿರಬಾರದು.

ಎ ವರ್ಗ: ಒಬ್ಬರ ಸ್ವಾಧೀನದಲ್ಲಿ ಒಟ್ಟು 30 ಲೀಟರ್ ಮೀರಬಾರದು, ಅದೂ ಮಾರಾಟಕ್ಕೆ ಇಟ್ಟಿದ್ದಾಗಿರಬಾರದು. ಗಾಜು ಅಥವಾ ಪಿಂಗಾಣಿಯ ಪಾತ್ರೆಯಾದರೆ ಒಂದು ಲೀಟರಿಗಿಂತ ದೊಡ್ಡದಿರಬಾರದು, ಲೋಹದ್ದಾದರೆ 25 ಲೀಟರಿಗಿಂತ ದೊಡ್ಡದಿರಬಾರದು. ಬಾಯಿ ಭದ್ರವಾಗಿ ಮುಚ್ಚಿರಬೇಕು.

ಇಲ್ಲಿ ಮೂರು ಮಾತುಗಳನ್ನು ಗಮನವಿಟ್ಟು ಓದಬೇಕು. ಮೊದಲನೆಯದು, ಬಿ ವರ್ಗಕ್ಕೆ "ಒಂದು ಜಾಗದಲ್ಲಿ" ಎಂದಿದೆ, ಎ ವರ್ಗಕ್ಕೆ ಹಾಗಿಲ್ಲ. ಅಂದರೆ ತಿನ್ನರನ್ನು ಎರಡು ಶೆಡ್ಡಿಗೆ ಹಂಚಿ ಇಟ್ಟರೂ ಮಾಲೀಕ ಒಬ್ಬನೇ ಆದರೆ ಮಿತಿ 30 ಲೀಟರೇ. ಎರಡನೆಯದು, ಎ ವರ್ಗವನ್ನು ಮಾರುವ ಅಂಗಡಿಗೆ ಈ 30 ಲೀಟರಿನ ರಿಯಾಯಿತಿ ಸಿಗುವುದಿಲ್ಲ. ಮೂರನೆಯದು, ಎ ವರ್ಗಕ್ಕೆ ಹೇಳಿದ ಪಾತ್ರೆಗಳಲ್ಲಿ ಪ್ಲಾಸ್ಟಿಕ್ ಇಲ್ಲ. ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿಯಲ್ಲಿ ತಿನ್ನರ್ ಸುರಿದಿಡುವುದು ನಮ್ಮಲ್ಲಿ ಬಹಳ ಸಾಮಾನ್ಯ. ಕಾನೂನಿಗೆ ಅದು ಒಪ್ಪಿತವಲ್ಲ, ಬಾಯಾರಿದ ಮಗು ನೀರೆಂದು ಕುಡಿಯುವ ಅಪಾಯ ಬೇರೆ.

ಮಿತಿ ಮೀರಿದರೆ ಪರವಾನಗಿ ಬೇಕು. ಇದನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯ ಹೆಸರು ಪೆಸೊ, ಮುಖ್ಯ ಕಚೇರಿ ನಾಗಪುರದಲ್ಲಿದೆ. ಎ ವರ್ಗದ ಪಾತ್ರೆಯ ಮೇಲೆ ಅಪಾಯದ ಎಚ್ಚರಿಕೆ ಎದ್ದು ಕಾಣುವಂತೆ ಬರೆದಿರಬೇಕು ಎಂಬುದೂ ಕಾಯ್ದೆಯಲ್ಲಿದೆ. ಇದಲ್ಲದೆ ಸ್ಥಳೀಯ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಿಂದ ವ್ಯಾಪಾರದ ಪರವಾನಗಿ ಪಡೆಯಬೇಕಾಗುತ್ತದೆ.

"ನಮ್ಮಲ್ಲಿ ಇರೋದು ನಾಲ್ಕು ಮಂದಿ, ನಮಗ್ಯಾವ ಕಾನೂನು ಬರ್ತೈತ್ರಿ?" ಎಂದು ಶೆಡ್ಡುಗಳಲ್ಲಿ ಹೇಳುವುದುಂಟು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಈ ಮಾತಿಗೆ ಅರ್ಥವಿತ್ತು. ವಿದ್ಯುತ್ ಬಳಸಿದರೆ 10 ಜನ, ಬಳಸದಿದ್ದರೆ 20 ಜನ ಇದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. ಅದರ ಜಾಗಕ್ಕೆಂದು ರೂಪಿಸಿದ 2020ರ ಸಂಹಿತೆ ಈ ಸಂಖ್ಯೆಯನ್ನು 20 ಮತ್ತು 40ಕ್ಕೆ ಏರಿಸಿದೆ. ಆದರೆ ಪೆಟ್ರೋಲಿಯಂ ಕಾಯ್ದೆ ಎಣಿಸುವುದು ಜನರನ್ನಲ್ಲ, ಲೀಟರುಗಳನ್ನು. ಒಬ್ಬನೇ ಇದ್ದರೂ 30 ಲೀಟರ್ ಎಂದರೆ 30 ಲೀಟರೇ.

೩. ಒಂದು ಶೆಡ್ಡಿನ ಲೆಕ್ಕ

ಮಾಮು ಅವರ ಒಪ್ಪಿಗೆ ಪಡೆದು ಅವರ ಶೆಡ್ಡಿನ ಒಂದು ದಿನದ ದಾಸ್ತಾನನ್ನು ಇಲ್ಲಿ ಕೊಡುತ್ತಿದ್ದೇನೆ. ಡಬ್ಬಿ ಮುಟ್ಟಿ ಎಣಿಸಿದವರು ಮಾಮು, ಹೊರಗೆ ಕೂತು ಬರೆದವನು ನಾನು.

ಎನಾಮಲ್, 4 ಲೀಟರಿನ ಡಬ್ಬಿ 15: 60 ಲೀಟರ್ (ಬಿ ವರ್ಗ)
ಎನಾಮಲ್, 20 ಲೀಟರಿನ ಡ್ರಮ್ 3: 60 ಲೀಟರ್ (ಬಿ)
ರೆಡ್ ಆಕ್ಸೈಡ್ ಪ್ರೈಮರ್, 20 ಲೀಟರಿನದು 2: 40 ಲೀಟರ್ (ಬಿ)
ಎಂಟಿಒ, 20 ಲೀಟರಿನದು 2: 40 ಲೀಟರ್ (ಬಿ)
ಎನ್‌ಸಿ ತಿನ್ನರ್, 5 ಲೀಟರಿನ ಡಬ್ಬಿ 5: 25 ಲೀಟರ್ (ಎ)
ಬಿಡಿ ತಿನ್ನರ್, 1 ಲೀಟರಿನ ಬಾಟಲಿ 3: 3 ಲೀಟರ್ (ಎ)
ಎನ್‌ಸಿ ಸ್ಯಾಂಡಿಂಗ್ ಸೀಲರ್, 4 ಲೀಟರಿನದು 1: 4 ಲೀಟರ್ (ಎ)
ಎಮಲ್ಶನ್, 20 ಲೀಟರಿನದು 4: 80 ಲೀಟರ್ (ಲೆಕ್ಕಕ್ಕಿಲ್ಲ)

ಬಿ ವರ್ಗದ ಮೊತ್ತ 200 ಲೀಟರ್. ಮಿತಿ 2,500 ಇರುವುದರಿಂದ ತೊಂದರೆಯಿಲ್ಲ. ಎ ವರ್ಗದ ಮೊತ್ತ 25 + 3 + 4 = 32 ಲೀಟರ್. ಮಿತಿ 30. ಎರಡು ಲೀಟರ್ ಹೆಚ್ಚು!

ಶೆಡ್ಡು ನೋಡಿದವರಿಗೆ ದೊಡ್ಡದಾಗಿ ಕಾಣುವುದು ಎನಾಮಲ್ ಡ್ರಮ್ಮುಗಳು. ತೊಂದರೆ ಇದ್ದದ್ದು ಮೂಲೆಯ ಸಣ್ಣ ಡಬ್ಬಿಗಳಲ್ಲಿ. ಅದರಲ್ಲೂ ಸೀಲರನ್ನು ಯಾರೂ ತಿನ್ನರಿನ ಜೊತೆ ಎಣಿಸುವುದಿಲ್ಲ, ಅದು ಮರಕ್ಕೆ ಹಚ್ಚುವ ಅಂಟಿನಂತೆ ಕಾಣುತ್ತದೆ. ಡಬ್ಬಿಯ ಗಾತ್ರ, ಹೆಸರು ನೋಡಿ ವರ್ಗ ಹೇಳಲಾಗುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಹಾಗಾದರೆ ವರ್ಗ ತಿಳಿಯುವುದು ಹೇಗೆ? ಪ್ರತಿ ಬಣ್ಣಕ್ಕೂ ಕಂಪನಿಯವರು ಸುರಕ್ಷತಾ ಮಾಹಿತಿ ಪತ್ರ ಸಿದ್ಧಪಡಿಸಿರುತ್ತಾರೆ. ಡೀಲರನ್ನು ಕೇಳಿದರೆ ಸಿಗುತ್ತದೆ. 16 ಭಾಗಗಳ ಆ ಪತ್ರದಲ್ಲಿ ನಮಗೆ ಮುಖ್ಯವಾದವು ಮೂರು. 5ನೇ ಭಾಗದಲ್ಲಿ ಬೆಂಕಿ ಆರಿಸುವ ವಿಧಾನ, 7ನೇ ಭಾಗದಲ್ಲಿ ಇಡುವ ವಿಧಾನ, 9ನೇ ಭಾಗದಲ್ಲಿ ಫ್ಲ್ಯಾಶ್ ಪಾಯಿಂಟ್ ಇರುತ್ತದೆ. ಅಪಾಯಕಾರಿ ರಾಸಾಯನಿಕಗಳಿಗೆ ಈ ಪತ್ರ ಇರಬೇಕೆಂದು 1989ರ ನಿಯಮಗಳು ಹೇಳುತ್ತವೆ. 1984ರ ಭೋಪಾಲ್ ಅನಿಲ ದುರಂತದ ನಂತರ ಬಂದ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಆ ನಿಯಮಗಳು ಹುಟ್ಟಿದವು.

ಮಾಮು ಒಂದು 5 ಲೀಟರಿನ ಡಬ್ಬಿಯನ್ನು ಡೀಲರಿಗೆ ವಾಪಸು ಕೊಟ್ಟರು. ಈಗ 27 ಲೀಟರ್. ಬಾಟಲಿಯಲ್ಲಿದ್ದ ಬಿಡಿ ತಿನ್ನರನ್ನು ತಿರುಪು ಮುಚ್ಚಳದ ಲೋಹದ ಡಬ್ಬಿಗೆ ಹಾಕಿದರು. ಇನ್ನು ಮುಂದೆ ಒಂದು ವಾರಕ್ಕೆ ಬೇಕಾದಷ್ಟೇ ತಿನ್ನರ್ ತರುವುದು ಎಂದು ತೀರ್ಮಾನವಾಯಿತು. ಒಟ್ಟಿಗೆ ಕೊಂಡರೆ ಸಿಗುವ ಅಲ್ಪ ರಿಯಾಯಿತಿ ಹೋಯಿತು, ಆದರೆ ದುಡ್ಡು ದಾಸ್ತಾನಿನಲ್ಲಿ ಸಿಕ್ಕಿಹಾಕಿಕೊಳ್ಳುವುದೂ ತಪ್ಪಿತು. ದುಡಿಯುವ ಬಂಡವಾಳದ ಪಾಠ ಓದಿದವರಿಗೆ ಇದರ ಲಾಭ ತಿಳಿದೇ ಇದೆ.

೪. ಕಾನೂನಿನ ಮಿತಿ ಬೇರೆ, ಕೊಪ್ಪಳದ ಬಿಸಿಲು ಬೇರೆ

ಈ ಪಾಠದ ಮುಖ್ಯ ಅಂಶ ಇಲ್ಲಿದೆ. 200 ಲೀಟರ್ ಬಿ ವರ್ಗದ ಬಣ್ಣ ಇಡಲು ಪರವಾನಗಿ ಬೇಡ. ಹಾಗಾದರೆ ಅದು ಅಪಾಯವಲ್ಲವೇ?

ಎಂಟಿಒದ ಫ್ಲ್ಯಾಶ್ ಪಾಯಿಂಟ್ ಸುಮಾರು 38ರಿಂದ 40 ಡಿಗ್ರಿ ಎಂದು ಮೇಲೆ ನೋಡಿದೆವು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ತಾಪ ನೆರಳಿನಲ್ಲೇ 40 ದಾಟುತ್ತದೆ. ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ತಂಪು ದೇಶದಲ್ಲಿ ಎಂಟಿಒ ಡಬ್ಬಿ ತೆರೆದಿಟ್ಟರೂ ಕಿಡಿಗೆ ಸುಲಭವಾಗಿ ಹತ್ತದಿರಬಹುದು. ನಮ್ಮ ಬೇಸಿಗೆಯ ಮಧ್ಯಾಹ್ನ ಅದೇ ಎಂಟಿಒ ಎ ವರ್ಗದ ತಿನ್ನರಿನ ಹಾಗೆ ವರ್ತಿಸುತ್ತದೆ. ಪುಸ್ತಕದಲ್ಲಿ ಬಿ, ಶೆಡ್ಡಿನಲ್ಲಿ ಎ.

ಆದ್ದರಿಂದ ರಿಜಿಸ್ಟರಿನಲ್ಲಿ ಎರಡು ಲೆಕ್ಕ ಬೇಕು. ಒಂದು ಕಾನೂನಿನ ಲೆಕ್ಕ, ಅಂದರೆ ವರ್ಗ ಮತ್ತು ಲೀಟರ್. ಇನ್ನೊಂದು ಸುರಕ್ಷತೆಯ ಲೆಕ್ಕ, ಅಂದರೆ ಶೆಡ್ಡಿನೊಳಗಿನ ತಾಪ ಮತ್ತು ಫ್ಲ್ಯಾಶ್ ಪಾಯಿಂಟ್. ನಾವು ಗೋಡೆಗೆ ಒಂದು ಸಾದಾ ಥರ್ಮಾಮೀಟರ್ ತೂಗುಹಾಕಿದ್ದೇವೆ. ಅದರ ಅಂಕಿ ಫ್ಲ್ಯಾಶ್ ಪಾಯಿಂಟಿನ ಹತ್ತಿರ ಬಂದ ದಿನ ಮಧ್ಯಾಹ್ನ ಒಳಗೆ ಡಬ್ಬಿ ತೆರೆಯುವುದಿಲ್ಲ.

ಅಪಾಯ ಕಡಿಮೆ ಮಾಡುವ ಎಲ್ಲಕ್ಕಿಂತ ಒಳ್ಳೆಯ ದಾರಿ, ಸಾಧ್ಯವಿದ್ದಲ್ಲಿ ನೀರಿನ ಬಣ್ಣವನ್ನೇ ಬಳಸುವುದು. ನಮ್ಮ ಕಿನ್ನಾಳದ ಚಿತ್ರಗಾರರು ತಲೆತಲಾಂತರದಿಂದ ಹುಣಸೆ ಬೀಜದ ಅಂಟು ಬಳಸಿ ಮರದ ಗೊಂಬೆ ಸಿದ್ಧಮಾಡುತ್ತಾ ಬಂದವರು. ಆ ಅಂಟಿಗೆ ತಿನ್ನರ್ ಬೇಡ. ಕಬ್ಬಿಣದ ಗೇಟಿಗೆ ಅದು ಆಗದು, ಆದರೆ ಎಲ್ಲ ಕೆಲಸಕ್ಕೂ ತಿನ್ನರೇ ಬೇಕು ಎಂಬುದೂ ನಿಜವಲ್ಲ.

೫. ಇಡುವ ಜಾಗ ಹೇಗಿರಬೇಕು?

(1) ಮನೆಯವರು ಮಲಗುವ ಕೋಣೆ, ಅಡುಗೆಮನೆ, ಮೆಟ್ಟಿಲ ಕೆಳಗೆ, ಹೊರಬಾಗಿಲ ಬಳಿ ಇಡಬಾರದು. ಬೆಂಕಿ ಬಿದ್ದಾಗ ಓಡಿಹೋಗುವ ದಾರಿಯಲ್ಲೇ ಬೆಂಕಿ ಇರಬಾರದು. ಸಣ್ಣ ಗುತ್ತಿಗೆದಾರರು ಹೆಚ್ಚಾಗಿ ಮನೆಯಲ್ಲೇ ಬಣ್ಣ ಇಟ್ಟುಕೊಳ್ಳುವುದರಿಂದ ಈ ನಿಯಮವನ್ನು ಮೊದಲು ಬರೆದಿದ್ದೇನೆ.

(2) ಗೋಡೆ ಇಟ್ಟಿಗೆ ಅಥವಾ ಕಲ್ಲಿನದಿರಲಿ, ನೆಲ ಸಿಮೆಂಟಿನದಿರಲಿ, ಕಪಾಟು ಕಬ್ಬಿಣದ್ದಿರಲಿ. ಹುಲ್ಲು, ಗೋಣಿಚೀಲ, ಮರದ ಹೊಟ್ಟು ಒಳಗೆ ಬೇಡ.

(3) ಗಾಳಿ ಹೋಗುವ ಜಾಲರಿ ಮೇಲೂ ಇರಲಿ, ನೆಲದ ಹತ್ತಿರವೂ ಇರಲಿ. ಆವಿ ನೆಲ ಹಿಡಿದು ಹರಿಯುವುದರಿಂದ ಮೇಲಿನ ಕಿಟಕಿ ಒಂದೇ ಸಾಲದು.

(4) ಬಾಗಿಲಿಗೆ ಎತ್ತರದ ಹೊಸ್ತಿಲು ಕಟ್ಟಿಸಿ. ಡ್ರಮ್ ಒಡೆದರೆ ಬಣ್ಣ ಹೊರಗೆ ಹರಿಯದೆ ಒಳಗೇ ನಿಲ್ಲಬೇಕು. ಇರುವುದರಲ್ಲಿ ದೊಡ್ಡ ಪಾತ್ರೆಯ ಅಳತೆಗಿಂತ ಶೇಕಡಾ 10 ಹೆಚ್ಚು ಹಿಡಿಯುವಷ್ಟು ಹೊಸ್ತಿಲಿರಲಿ ಎಂಬುದು ರೂಢಿಯ ಲೆಕ್ಕ.

(5) ಸ್ವಿಚ್, ಪ್ಲಗ್ ಕೋಣೆಯ ಹೊರಗಿರಲಿ. ಇನ್ವರ್ಟರ್, ಮೊಬೈಲ್ ಚಾರ್ಜರ್, ಬೈಕ್ ಒಳಗೆ ಬೇಡ. ಸ್ವಿಚ್ ಒತ್ತಿದಾಗ ಕಣ್ಣಿಗೆ ಕಾಣದ ಕಿಡಿಯೂ ಆವಿಗೆ ಸಾಕು. ಬೀಡಿ, ಸಿಗರೇಟು ಬೇಡವೆಂದು ಬೇರೆ ಹೇಳಬೇಕಿಲ್ಲ.

(6) ದೊಡ್ಡ ಲೋಹದ ಡ್ರಮ್ಮಿನಿಂದ ಸಣ್ಣ ಲೋಹದ ಡಬ್ಬಿಗೆ ತಿನ್ನರ್ ಸುರಿಯುವಾಗ ಎರಡನ್ನೂ ತಂತಿಯಿಂದ ಜೋಡಿಸಿ, ಡ್ರಮ್ಮಿಗೆ ಅರ್ಥಿಂಗ್ ಕೊಡಬೇಕು. ಸುರಿಯುವಾಗ ಸ್ಥಿರ ವಿದ್ಯುತ್ ಹುಟ್ಟಿ ಕಿಡಿ ಹಾರುವುದುಂಟು.

(7) ಹಳೆಯ ಡಬ್ಬಿ ಮುಂದೆ, ಹೊಸದು ಹಿಂದೆ. ಮೊದಲು ಬಂದದ್ದು ಮೊದಲು ಹೋಗಲಿ. ಅಕೌಂಟೆನ್ಸಿಯಲ್ಲಿ ಇದನ್ನು ಫಿಫೊ ಎಂದು ಓದಿದ್ದೇವೆ. ಬಹಳ ದಿನ ಕೂತ ಡಬ್ಬಿಯ ತಳ ತುಕ್ಕು ಹಿಡಿದು ಸೋರುವುದು ಇದರಿಂದ ತಪ್ಪುತ್ತದೆ.

(8) ಎಚ್ಚರಿಕೆಯ ಫಲಕ ಕೆಲಸಗಾರರು ಓದುವ ಭಾಷೆಯಲ್ಲಿರಲಿ. ಡಬ್ಬಿಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರ ಯಾರಿಗೂ ಕಾಣುವುದಿಲ್ಲ. ನಾವು ಕನ್ನಡದಲ್ಲಿ "ಬೆಂಕಿ ಹತ್ತುವ ವಸ್ತು, ಕಿಡಿ ತರಬೇಡಿ" ಎಂದು ದೊಡ್ಡದಾಗಿ ಬರೆದು, ಕೆಳಗೆ ಉರ್ದು ಲಿಪಿಯಲ್ಲಿ "ಖತರಾ" ಎಂದು ಬರೆದಿದ್ದೇವೆ. ಓದಲು ಬಾರದವರಿಗಾಗಿ ಕೆಂಪು ಚೌಕದೊಳಗೆ ಜ್ವಾಲೆಯ ಚಿತ್ರವೂ ಇದೆ.

೬. ಖಾಲಿ ಡಬ್ಬಿ, ಒರೆಸಿದ ಬಟ್ಟೆ

"ಖಾಲಿ ಡಬ್ಬಿ ಏನ್ ಮಾಡ್ತೈತಿ ಬಿಡ್ರಿ" ಎಂಬ ಮಾತು ಕೇಳಿರುತ್ತೀರಿ. ತುಂಬಿದ ಡ್ರಮ್ಮಿನಲ್ಲಿ ಆವಿಗೆ ಜಾಗ ಕಡಿಮೆ. ಖಾಲಿ ಡ್ರಮ್ಮಿನಲ್ಲಿ ತಳದ ನಾಲ್ಕು ಹನಿ ಆವಿಯಾಗಿ ಇಡೀ ಡ್ರಮ್ ತುಂಬಿರುತ್ತದೆ, ಜೊತೆಗೆ ಗಾಳಿಯೂ ಇರುತ್ತದೆ. ಅದನ್ನು ನೀರಿನ ತೊಟ್ಟಿ ಮಾಡಲೆಂದು ಗ್ಯಾಸ್ ಕಟರಿನಿಂದ ಕತ್ತರಿಸಿದರೆ ಸಿಡಿಯಬಹುದು. ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್ ಇದನ್ನೇ ಹೇಳಿತ್ತು. ಉರಿಯುವ ವಸ್ತು ಇದ್ದ ಪಾತ್ರೆಯಿಂದ ಆ ವಸ್ತುವನ್ನೂ ಅದರ ಆವಿಯನ್ನೂ ತೆಗೆಯುವ ತನಕ ಅದಕ್ಕೆ ವೆಲ್ಡಿಂಗ್, ಕಟಿಂಗ್ ಮಾಡಬಾರದು. ಸಣ್ಣ ಶೆಡ್ಡಿಗೆ ಆ ಕಾಯ್ದೆ ಅನ್ವಯಿಸದಿದ್ದರೂ ಆವಿಗೆ ಶೆಡ್ಡಿನ ಗಾತ್ರ ಗೊತ್ತಿಲ್ಲ.

ಇನ್ನೊಂದು, ಅಗಸಿ ಎಣ್ಣೆ ಒರೆಸಿದ ಬಟ್ಟೆ. ನಾವು ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಅಗಸಿ ಚಟ್ನಿಯ ಬೀಜದಿಂದಲೇ ಈ ಎಣ್ಣೆ ಬರುತ್ತದೆ. ಮಾಮು ಅದನ್ನು ಅಲ್ಸಿ ಕಾ ತೇಲ್ ಎನ್ನುತ್ತಾರೆ, ಮರದ ಪಾಲಿಶಿಗೆ ಬಳಸುತ್ತಾರೆ. ಈ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬಿಸಿಯಾಗುತ್ತದೆ. ಬಟ್ಟೆ ಹರಡಿದ್ದರೆ ಬಿಸಿ ಹೊರಗೆ ಹೋಗುತ್ತದೆ. ಉಂಡೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಕೂಡುತ್ತಾ ಹೋಗಿ, ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತಬಹುದು. ಅಂಥ ಬಟ್ಟೆಯನ್ನು ಬಯಲಲ್ಲಿ ಒಂದೊಂದಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿ ಹಾಕಬೇಕು.

ಉಳಿದ ಬಣ್ಣ, ಕೊಳೆತ ತಿನ್ನರನ್ನು ಚರಂಡಿಗೆ ಸುರಿಯಬಾರದು. ಉದ್ದಿಮೆಯ ಬಣ್ಣದ ಕಸ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಟ್ಟಿದೆ. ಅದನ್ನು 90 ದಿನಕ್ಕಿಂತ ಹೆಚ್ಚು ಕೂಡಿಡಬಾರದು.

೭. ವಿಮೆ ಮತ್ತು ರಿಜಿಸ್ಟರ್

ವಿಮೆಯ ಅಧ್ಯಾಯದಲ್ಲಿ ಪರಮ ಸದ್ಭಾವನೆಯ ತತ್ವ ಓದಿದ್ದೇವೆ. ವಿಮೆ ಮಾಡಿಸುವವನು ಮುಖ್ಯ ಸಂಗತಿಗಳನ್ನು ಮುಚ್ಚಿಡಬಾರದು. ಬಟ್ಟೆ ಅಂಗಡಿ ಎಂದು ಹೇಳಿ ಹಿಂದಿನ ಕೋಣೆಯಲ್ಲಿ ತಿನ್ನರ್ ಇಟ್ಟರೆ ಬೆಂಕಿ ಬಿದ್ದ ದಿನ ಪರಿಹಾರ ಸಿಗದೆ ಹೋಗಬಹುದು.

ಸರಾಸರಿ ಷರತ್ತಿನ ಲೆಕ್ಕವನ್ನೂ ನೋಡಿ. ದಾಸ್ತಾನಿನ ನಿಜ ಬೆಲೆ 6 ಲಕ್ಷ, ವಿಮೆ 4 ಲಕ್ಷಕ್ಕೆ, ನಷ್ಟ 3 ಲಕ್ಷ ಎಂದುಕೊಳ್ಳೋಣ. ಸಿಗುವ ಪರಿಹಾರ 3 × 4 ÷ 6 = 2 ಲಕ್ಷ ಮಾತ್ರ. 2021ರ ಏಪ್ರಿಲ್‌ನಿಂದ ಇರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇಲ್ಲಿ ಕೊರತೆ ಅದಕ್ಕಿಂತ ಹೆಚ್ಚು. ಜೊತೆಗೆ 6 ಲಕ್ಷದ ಸರಕು ಇತ್ತು ಎಂದು ತೋರಿಸಲು ದಾಖಲೆ ಬೇಕು. ರಿಜಿಸ್ಟರ್ ಶೆಡ್ಡಿನಲ್ಲೇ ಇದ್ದರೆ ಅದೂ ಸುಟ್ಟುಹೋಗುತ್ತದೆ. ಅದನ್ನು ಬೇರೆ ಕಡೆ ಇಡಬೇಕು.

ನಮ್ಮ ರಿಜಿಸ್ಟರಿನಲ್ಲಿ ಎಂಟು ಕಾಲಂಗಳಿವೆ: ದಿನಾಂಕ, ಸರಕಿನ ಹೆಸರು, ಫ್ಲ್ಯಾಶ್ ಪಾಯಿಂಟ್, ವರ್ಗ, ಬಂದ ಲೀಟರ್, ಹೋದ ಲೀಟರ್, ಉಳಿದ ಲೀಟರ್, ಎ ವರ್ಗದ ಒಟ್ಟು ಮೊತ್ತ. ಕೊನೆಯ ಕಾಲಂ ಕೆಂಪು ಶಾಯಿಯಲ್ಲಿ.

೮. ನಮ್ಮ ವಯಸ್ಸಿನವರ ಮಾತು

2020ರ ನವೆಂಬರ್ 10ರಂದು ಬೆಂಗಳೂರಿನ ಮೈಸೂರು ರಸ್ತೆ ಬಳಿಯ ಹೊಸಗುಡ್ಡದಹಳ್ಳಿಯಲ್ಲಿ ಮನೆಗಳ ನಡುವೆ ಇದ್ದ ರಾಸಾಯನಿಕ ದಾಸ್ತಾನಿಗೆ ಬೆಂಕಿ ಬಿದ್ದು ಅಕ್ಕಪಕ್ಕಕ್ಕೂ ಹಾನಿಯಾಯಿತು. 2024ರ ಫೆಬ್ರವರಿ 15ರಂದು ದೆಹಲಿಯ ಅಲಿಪುರದ ಬಣ್ಣದ ಕಾರ್ಖಾನೆಯ ಬೆಂಕಿಗೆ 11 ಜನ ತೀರಿಕೊಂಡರು. ನಾವು ಮರೆಯಬಾರದ ಇನ್ನೊಂದು ದಿನ 2023ರ ಅಕ್ಟೋಬರ್ 7. ಬೆಂಗಳೂರು ಹೊರವಲಯದ ಅತ್ತಿಬೆಲೆಯ ಪಟಾಕಿ ಅಂಗಡಿ ಮತ್ತು ಗೋದಾಮಿಗೆ ಬೆಂಕಿ ಬಿದ್ದಿತು. ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ತಮಿಳುನಾಡಿನಿಂದ ಹಬ್ಬದ ಸೀಸನ್ನಿಗೆ ಕೆಲಸಕ್ಕೆ ಬಂದಿದ್ದ ಹುಡುಗರು, ಕೆಲವರು ವಿದ್ಯಾರ್ಥಿಗಳು. ಫೀಸಿಗೋ ಮನೆ ಖರ್ಚಿಗೋ ನಾಲ್ಕು ಕಾಸು ಆಗಲಿ ಎಂದು ಬಂದವರು. ರಜೆಯಲ್ಲಿ ನಮ್ಮಲ್ಲಿ ಹಲವರು ಮಾಡುವುದೂ ಅದನ್ನೇ.

1986ರ ಬಾಲ ಕಾರ್ಮಿಕ ಕಾಯ್ದೆ 2016ರ ತಿದ್ದುಪಡಿಯ ನಂತರ 14 ತುಂಬಿದ, 18 ತುಂಬದವರನ್ನು ಕಿಶೋರರು ಎನ್ನುತ್ತದೆ. ಅಂದರೆ ನಾವು. ಕಿಶೋರರನ್ನು ಗಣಿ, ಬೆಂಕಿ ಹತ್ತುವ ವಸ್ತು ಮತ್ತು ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆ ಇವುಗಳ ಕೆಲಸಕ್ಕೆ ಹಚ್ಚಬಾರದು. ಹಚ್ಚಿದವರಿಗೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಜೈಲು, ಅಥವಾ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಮನೆಯ ಉದ್ಯಮಕ್ಕೆ ಸಹಾಯ ಎಂಬ ರಿಯಾಯಿತಿಯೂ ಅಪಾಯದ ಕೆಲಸಕ್ಕೆ ಇಲ್ಲ.

ಆದ್ದರಿಂದ ಯಾರಾದರೂ "ಏ ತಮ್ಮಾ, ಒಳಗ ಹೋಗಿ ತಿನ್ನರ್ ಕಲಿಸು" ಎಂದರೆ ಬೇಡವೆನ್ನಲು ನಮಗೆ ಹಕ್ಕಿದೆ. ಹಿರಿಯರ ಮುಂದೆ ಬೇಡವೆನ್ನುವುದು ಕಷ್ಟ, ನನಗೂ ಗೊತ್ತು. ಆಗ ಬೇರೆ ಕೆಲಸ ಕೇಳಿ. "ಚಾಚಾ, ಅದು ನನಗೆ ಬೇಡ, ನಿಮ್ಮ ಸ್ಟಾಕ್ ಬರೆದುಕೊಡುತ್ತೇನೆ" ಎನ್ನಿ. ಲೆಕ್ಕ ಬರೆಯುವವರು ಆ ಶೆಡ್ಡುಗಳಿಗೆ ನಿಜಕ್ಕೂ ಬೇಕಾಗಿದ್ದಾರೆ.

೯. ಬೆಂಕಿ ಬಿದ್ದರೆ

ಮೊದಲು ಜನ ಹೊರಗೆ, ಆಮೇಲೆ ಸರಕಿನ ಯೋಚನೆ. 112 ಅಥವಾ 101ಕ್ಕೆ ಕರೆಮಾಡಿ, ಒಳಗೆ ಬಣ್ಣ, ತಿನ್ನರ್ ಇದೆ ಎಂದು ಹೇಳಿ. ಎಷ್ಟು ಲೀಟರ್ ಎಂದೂ ಹೇಳಿ. ಉರಿಯುವ ತಿನ್ನರಿಗೆ ನೀರು ಎರಚಬಾರದು, ಅದು ನೀರಿನ ಮೇಲೆ ತೇಲಿ ಉರಿಯುತ್ತಾ ಹರಡುತ್ತದೆ. ಸಣ್ಣ ಬೆಂಕಿಗೆ ಒಣ ಪುಡಿ ಅಥವಾ ನೊರೆಯ ಸಿಲಿಂಡರ್, ಇಲ್ಲವೇ ಒಣ ಮರಳು ಬಳಸಬೇಕು. ಸಿಲಿಂಡರಿನ ಪಿನ್ ಕಿತ್ತು, ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿತ್ತ ಆಡಿಸಬೇಕು. ಸಿಲಿಂಡರ್ ಬಾಗಿಲ ಹೊರಗೆ ತೂಗಿರಲಿ. ಒಳಗಿದ್ದರೆ ತರಲು ಬೆಂಕಿಯೊಳಗೇ ಹೋಗಬೇಕಾಗುತ್ತದೆ. ಬೆಂಕಿ ನಿಮಗಿಂತ ಎತ್ತರವಾಗಿದ್ದರೆ ಆರಿಸಲು ಹೋಗಬೇಡಿ, ದೂರ ಹೋಗಿ.

ಅಭ್ಯಾಸ

1. ಒಬ್ಬ ಬಡಗಿಯ ಬಳಿ 5 ಲೀಟರಿನ ಎನ್‌ಸಿ ತಿನ್ನರ್ ಡಬ್ಬಿ 4, 4 ಲೀಟರಿನ ಎನ್‌ಸಿ ಸೀಲರ್ ಡಬ್ಬಿ 3, 20 ಲೀಟರಿನ ಎಂಟಿಒ 1 ಇವೆ. ಎ ವರ್ಗದ ಮೊತ್ತ ಎಷ್ಟು? ಪರವಾನಗಿ ಬೇಕೇ?

2. ಅದೇ ಬಡಗಿ ಅರ್ಧ ತಿನ್ನರನ್ನು ತನ್ನ ಇನ್ನೊಂದು ಶೆಡ್ಡಿಗೆ ಸಾಗಿಸಿದರೆ ಉತ್ತರ ಬದಲಾಗುವುದೇ? ಏಕೆ?

3. ದಾಸ್ತಾನಿನ ಬೆಲೆ ರೂ. 5,00,000, ವಿಮೆ ರೂ. 3,00,000, ನಷ್ಟ ರೂ. 2,00,000. ಸರಾಸರಿ ಷರತ್ತಿನ ಪ್ರಕಾರ ಪರಿಹಾರ ಎಷ್ಟು?

4. ನಿಮ್ಮ ಮನೆಯಲ್ಲಿ ಅಥವಾ ಪರಿಚಯದವರ ಶೆಡ್ಡಿನಲ್ಲಿ ಹಿರಿಯರೊಬ್ಬರಿಗೆ ಡಬ್ಬಿ ಎಣಿಸಲು ಹೇಳಿ, ನೀವು ಹೊರಗೆ ಕೂತು ಎಂಟು ಕಾಲಂಗಳ ಒಂದು ಪುಟ ತುಂಬಿಸಿ.

ಉತ್ತರ: 1) 20 + 12 = 32 ಲೀಟರ್, ಬೇಕು. 2) ಇಲ್ಲ, ಎ ವರ್ಗದ ಮಿತಿ ಜಾಗಕ್ಕಲ್ಲ, ಸ್ವಾಧೀನದಲ್ಲಿರುವ ಒಟ್ಟು ಮೊತ್ತಕ್ಕೆ. 3) ರೂ. 1,20,000. ನಾಲ್ಕನೆಯದರ ಉತ್ತರ ನಿಮ್ಮ ರಿಜಿಸ್ಟರಿನಲ್ಲಿದೆ. ಬರೆದವರು ತರಗತಿಗೆ ತನ್ನಿ, ಕೂತು ಒಟ್ಟಿಗೆ ಕೂಡಿಸಿ ನೋಡೋಣ.